ಚಿತ್ರದ ಕರ್ತೃವನ್ನು ಹುಡುಕಿ ಅಪ್ಪಣೆ ಪಡೆಯುವ ಬಗೆ

ಬನವಾಸಿಯ ಸಮೀಪದ ಗುಡ್ನಾಪುರದ ವಿಸ್ತಾರವಾದ ಕೆರೆಯನ್ನೂ ಕದಂಬರ ರವಿವರ್ಮನ ಸ್ತಂಭಶಾಸನವನ್ನೂ ಅರಿಯದವರು ನಮ್ಮ ವಾಚಕರಲ್ಲಿ ವಿರಳ. ಈ ಸಂಚಿಕೆಗಾಗಿ ಆ ಕೆರೆಯ ಚಿತ್ರವೊಂದು ಬೇಕೆಂದು ನಾವು ಕೇಳಿದಾಗ ಐವರು ಚಿತ್ರ ಕಳುಹಿದರು. ನೋಡಿದರೆ ಐದೂ ಒಂದೇ ಚಿತ್ರದ ಪ್ರತಿಗಳು. ಒಂದರಲ್ಲಾದರೂ ತೆಗೆದವರ ಹೆಸರಿಲ್ಲ. "ಅಂತರಜಾಲದಲ್ಲಿ ಎಲ್ಲರಿಗೂ ಕಾಣುವ ಚಿತ್ರವನ್ನು ಅಚ್ಚುಹಾಕಿಸಲು ಯಾರ ಅಪ್ಪಣೆ ಬೇಕು?" ಎಂದು ಕೆಲವರು ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿ ಈ ಪಾಠವನ್ನು ಬರೆದಿರುವೆವು.

ದಾರಿಯ ಪಕ್ಕದ ತೋಟದ ಹಣ್ಣು ಎಲ್ಲರ ಕಣ್ಣಿಗೂ ಬೀಳುವದು. ಕೊಯ್ಯಬೇಕಾದರೆ ಒಡೆಯನನ್ನು ಕೇಳಬೇಕು. ನಮ್ಮ ದೇಶದ 1957ನೆಯ ಇಸವಿಯ ಕೃತಿಸ್ವಾಮ್ಯದ ಕಾಯಿದೆಯ ಮೇರೆಗೆ ಛಾಯಾಚಿತ್ರವನ್ನು ತೆಗೆದವರೇ ಅದರ ಕರ್ತೃಗಳು. 2012ರ ತಿದ್ದುಪಡಿಯ ತರುವಾಯ ಆ ಹಕ್ಕು ಕರ್ತೃವಿನ ಜೀವಮಾನವೂ ಆಮೇಲೆ 60 ವರುಷಗಳೂ ಇರುವದು. ರವಿವರ್ಮನ ಸ್ತಂಭವು ಸುಮಾರು 1500 ವರುಷ ಹಳೆಯದಾದರೂ ನಿನ್ನೆ ತೆಗೆದ ಅದರ ಚಿತ್ರವು ಹೊಸ ಕೃತಿಯೇ. ಹಣ ಕೊಟ್ಟು ತೆಗೆಯಿಸಿದ ಚಿತ್ರದ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ತೆಗೆಯಿಸಿದವರದು.

ಇನ್ನು ಹುಡುಕುವ ಕ್ರಮವನ್ನು ಹೇಳುವೆವು.

ಮೊದಲನೆಯದಾಗಿ, ಚಿತ್ರ ಕಳುಹಿದವರನ್ನೇ "ನಿಮಗೆ ಇದು ಯಾರಿಂದ ಬಂತು?" ಎಂದು ಕೇಳಿ, ಒಬ್ಬರಿಂದೊಬ್ಬರಿಗೆ ಹಿಂದಕ್ಕೆ ಹೋಗಬೇಕು.

ಎರಡನೆಯದಾಗಿ, ಚಿತ್ರವನ್ನೇ ಪರೀಕ್ಷಿಸಬೇಕು. ಮೂಲೆಯಲ್ಲಿ ಸಣ್ಣ ಹೆಸರೋ ಗುರುತೋ ಇರಬಹುದು. ಮೂಲಪ್ರತಿಯ ಒಳಗೆ ತೆಗೆದ ದಿನ, ಕ್ಯಾಮರಾ, ಒಮ್ಮೊಮ್ಮೆ ಕರ್ತೃವಿನ ಹೆಸರು ಸಹ ಅಡಗಿರುವವು. ಆದರೆ ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿದಾಗ ಈ ವಿವರಗಳು ಸಾಮಾನ್ಯವಾಗಿ ಅಳಿದುಹೋಗುವವು.

ಮೂರನೆಯದಾಗಿ, ಗೂಗಲ್ ಲೆನ್ಸ್, ಟಿನ್‌ಐ ಎಂಬ ಸಾಧನಗಳಿಗೆ ಚಿತ್ರವನ್ನು ಒಪ್ಪಿಸಿದರೆ ಅದೇ ಚಿತ್ರವು ಬೇರೆಲ್ಲಿ ಇರುವದೆಂದು ತೋರಿಸುವವು. ಅಂಚು ಕತ್ತರಿಸದ, ಎಲ್ಲಕ್ಕಿಂತ ದೊಡ್ಡ ಪ್ರತಿಯು ಬಹುಶಃ ಮೂಲಕ್ಕೆ ಹತ್ತಿರವಾದದ್ದು. ಟಿನ್‌ಐ ತೋರಿಸುವ ಹಳೆಯ ತಾರೀಖು ಆ ಸಾಧನವು ಚಿತ್ರವನ್ನು ಮೊದಲು ಕಂಡ ದಿನ. ಅದನ್ನು ಚಿತ್ರ ತೆಗೆದ ದಿನವೆಂದು ಭ್ರಮಿಸಬಾರದು. ವಿಕಿಮೀಡಿಯ ಕಾಮನ್ಸಿನಲ್ಲಿ ಸಿಕ್ಕಿದರೆ ಕರ್ತೃವಿನ ಹೆಸರೂ ಬಳಕೆಯ ಷರತ್ತುಗಳೂ ಅಲ್ಲಿಯೇ ಬರೆದಿರುವವು. ಅವನ್ನು ಓದಿ ಅದರಂತೆ ನಡೆಯಬೇಕು.

ನಾಲ್ಕನೆಯದಾಗಿ, ವಿನಯದಿಂದ ಪತ್ರ ಬರೆಯಬೇಕು. ಚಿತ್ರ ಯಾವದು, ಎಲ್ಲಿ ಕಂಡೆವು, ಯಾವ ಪುಸ್ತಕಕ್ಕೆ, ಎಷ್ಟು ಪ್ರತಿಗಳು, ಮಾರಾಟಕ್ಕೋ ಉಚಿತಕ್ಕೋ, ಹೆಸರನ್ನು ಹೇಗೆ ಅಚ್ಚುಹಾಕಬೇಕು ಎಂಬವನ್ನು ಸ್ಪಷ್ಟವಾಗಿ ತಿಳಿಸಿ, "ಈ ಚಿತ್ರವನ್ನು ತೆಗೆದವರು ತಾವೇ ಅಹುದೋ?" ಎಂದೂ ಕೇಳಬೇಕು. ಪ್ರಕಟಿಸಿದವರೆಲ್ಲ ತೆಗೆದವರಲ್ಲ. ಉತ್ತರ ಬಾರದಿದ್ದರೆ ಮೌನವನ್ನು ಸಮ್ಮತಿಯೆಂದು ತಿಳಿಯಬಾರದು. ಕರ್ತೃವು ಸಿಕ್ಕದಿದ್ದಾಗ ವೃತ್ತಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಪರವಾನಿಗೆ ಬೇಡುವ ಮಾರ್ಗವು ಕಾಯಿದೆಯ 31ಎ ಕಲಮಿನಲ್ಲಿರುವದು. ಸಣ್ಣ ಸಂಚಿಕೆಗೆ ಅದು ಭಾರವಾದ ಹೊರೆ.

ಕರ್ತೃವಿನ ಹೆಸರನ್ನು ಉಳಿಸುವದು ನಮ್ಮ ಸೀಮೆಗೆ ಹೊಸ ಸಂಗತಿಯೇನಲ್ಲ. ಬನವಾಸಿಯ ಮಧುಕೇಶ್ವರ ದೇವಾಲಯದ ಐದು ಹೆಡೆಯ ನಾಗಶಿಲೆಯ ಪ್ರಾಕೃತ ಶಾಸನದಲ್ಲಿ, ದಾನವಿತ್ತ ರಾಜಪುತ್ರಿಯ ಹೆಸರಿನೊಡನೆ, ಅದನ್ನು ಕೆತ್ತಿದ ನಟಕನ ಹೆಸರೂ ಇರುವದು. ತಾಳಗುಂದದ ಸ್ತಂಭದ ಮೇಲೆ ಕುಬ್ಜನೆಂಬ ಕವಿಯು ಆ ಕಾವ್ಯವನ್ನು ಕಲ್ಲಿನಲ್ಲಿ ಬರೆದವನು ತಾನೇ ಎಂದು ಹೇಳಿಕೊಂಡಿದ್ದಾನೆ. ಕಲ್ಲು ಇಷ್ಟು ಶತಮಾನ ಹೊತ್ತ ಹೆಸರಿನ ಹೊರೆಯನ್ನು ನಮ್ಮ ಮೊಬೈಲುಗಳು ಒಂದು ದಿನವೂ ಹೊರಲಾರವೇ?

ನಮ್ಮ ಶೋಧದಲ್ಲಿ ಆ ಕೆರೆಯ ಚಿತ್ರದ ದೊಡ್ಡ ಪ್ರತಿಯೊಂದು ಸಿಕ್ಕಿತು, ಪ್ರಕಟಿಸಿದವರಿಗೆ ಎರಡು ಸಾರಿ ಬರೆದೆವು, ಉತ್ತರ ಬರಲಿಲ್ಲ. ಚಿತ್ರವು ಬಹು ಚೆಲುವಾಗಿದ್ದುದರಿಂದ ಬಿಡಲು ಮನಸ್ಸು ನೊಂದಿತು. ಆದರೆ ಪರೀಕ್ಷೆಯಲ್ಲಿ ನೆರೆಯವಳ ಉತ್ತರವನ್ನು ನಕಲು ಮಾಡಬಾರದೆಂದು ಕಲಿಸುವ ನಾವು ಹಾಗೆ ಮಾಡಿದರೆ, ಹುಡುಗಿಯರು ಕಲಿಯುವ ಪಾಠವು ಯಾವದು? ಕೊನೆಗೆ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಕೆರೆಯ ದಂಡೆಯಲ್ಲಿಯೇ ಕುಳಿತು ಬರೆದ ರೇಖಾಚಿತ್ರವನ್ನು, ಅವಳ ಮತ್ತು ಪಾಲಕರ ಒಪ್ಪಿಗೆಯಿಂದ, ಆರಿಸಿಕೊಂಡೆವು. ಛಾಯಾಚಿತ್ರವನ್ನು ನೋಡಿ ಬರೆದಿದ್ದರೆ ಅದಕ್ಕೂ ಅಪ್ಪಣೆ ಬೇಕಾಗುತ್ತಿತ್ತು.

ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪಾಲಕರಲ್ಲಿಯೂ ನಮ್ಮ ಅರಿಕೆ ಇಷ್ಟೇ: ಮುಂದಿನ ಸಂಚಿಕೆಗೆ ಚಿತ್ರ ಕಳುಹುವಾಗ ತೆಗೆದವರ ಹೆಸರು, ಸ್ಥಳ, ದಿನ, ಅವರ ಒಪ್ಪಿಗೆ, ಈ ನಾಲ್ಕನ್ನೂ ಕೂಡಿಸಿ ಕಳುಹಬೇಕು.