ಕೆಮ್ಮಿನ ಜೇನು ಬೇರೆ, ಗಾಯದ ಜೇನು ಬೇರೆ

ಮಾವು, ಹೊಂಗೆ, ಹುಣಸೆ ಒಂದಾದ ಮೇಲೊಂದು ಹೂ ಬಿಡುವ ಬೇರಿಕೆ, ಶೂಳಗಿರಿ ಸೀಮೆಯ ಎಷ್ಟೋ ಮನೆಗಳಲ್ಲಿ ಔಷಧಿಗೆಂದೇ ಒಂದು ಸೀಸೆ ಜೇನುತುಪ್ಪ ಎತ್ತಿಟ್ಟಿರುತ್ತಾರೆ. ಅದನ್ನು ಬಳಸುವ ಕ್ರಮ ಹೀಗಿದೆ.

ಮೊದಲು, ಕೂಸಿಗೆ ಬೇಡ. ಹುಟ್ಟಿದ ಮಗುವಿನ ನಾಲಿಗೆಗೆ ಚಿನ್ನದ ಉಂಗುರದಿಂದ ಜೇನು ಮುಟ್ಟಿಸುವುದು, ಸಾಣೆಕಲ್ಲಿನ ಮೇಲೆ ಬಜೆ ತೇಯ್ದು ಜೇನಿನಲ್ಲಿ ಕಲಸಿ ನೆಕ್ಕಿಸುವುದು ತಲೆತಲಾಂತರದ ರೂಢಿ. ದಯವಿಟ್ಟು ನಿಲ್ಲಿಸಿ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರ ಕರುಳು ಅದನ್ನು ಬೆಳೆಯಗೊಡುವುದಿಲ್ಲ. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಬಿಡಬಲ್ಲದು. ಮಲಬದ್ಧತೆ, ಹಾಲು ಚೀಪಲಾಗದಿರುವುದು, ಅಳು ಕ್ಷೀಣಿಸುವುದು, ಕತ್ತು ಸೋಲುವುದು ಲಕ್ಷಣಗಳು. ಕಂಡ ಕೂಡಲೇ ಆಸ್ಪತ್ರೆಗೆ ಹೊರಡಿ. ಕಾಯಿಸಿ ಕೊಟ್ಟರಾಯಿತು ಎನ್ನಬೇಡಿ, ಮನೆ ಒಲೆಯ ಕಾವಿಗೆ ಆ ಬೀಜಕಣ ಸಾಯುವುದಿಲ್ಲ.

ಕೊಳ್ಳುವಾಗ ನೀರಿಗೆ ಹನಿ ಬಿಟ್ಟು ನೋಡುವುದನ್ನು, ಬತ್ತಿ ಅದ್ದಿ ಹಚ್ಚುವುದನ್ನು ನೆಚ್ಚಬೇಡಿ; ಗಟ್ಟಿ ಸಕ್ಕರೆ ಪಾಕವೂ ಇದರಲ್ಲಿ ಪಾಸಾಗುತ್ತದೆ. ಪ್ರಯೋಗಾಲಯದ ಮಾಮೂಲಿ ಪರೀಕ್ಷೆಗಳನ್ನೇ ದಾಟುವ ಪಾಕ ಬೆರೆಸುತ್ತಿರುವುದನ್ನು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರಲ್ಲಿ ಬಯಲಿಗೆಳೆದಿತ್ತು. ಗುರುತಿನ ಜೇನು ಸಾಕಣೆದಾರರಲ್ಲಿ ಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ. ಪೆಟ್ಟಿಗೆ ಎಲ್ಲಿಟ್ಟಿದ್ದಿರಿ, ಪಕ್ಕದ ಗುಲಾಬಿ, ಟೊಮೆಟೊ ತೋಟಕ್ಕೆ ಔಷಧಿ ಹೊಡೆದಿದ್ದರೇ ಎಂದು ವಿಚಾರಿಸಿ. ತಳದಲ್ಲಿ ಹರಳುಗಟ್ಟಿದ್ದರೆ ಅದು ಕಲಬೆರಕೆಯ ಗುರುತಲ್ಲ. ಸೀಸೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ. ನೊರೆಯೆದ್ದು ಹುಳಿವಾಸನೆ ಬರುತ್ತಿದ್ದರೆ ಬೇಡ. ಒದ್ದೆ ಚಮಚ ಅದ್ದಬೇಡಿ.

ಕೆಮ್ಮಿಗೆ ಮಲಗುವ ಅರ್ಧ ಗಂಟೆ ಮುಂಚೆ ಕೊಡಿ. 1ರಿಂದ 5 ವರ್ಷದವರಿಗೆ ಅರ್ಧ ಟೀ ಚಮಚ, 6ರಿಂದ 11ರವರಿಗೆ ಒಂದು, ಮೇಲ್ಪಟ್ಟವರಿಗೆ ಎರಡು. ಆಮೇಲೆ ಬಾಯಿ ಮುಕ್ಕಳಿಸಲಿ. ಶೀತದ ಕೆಮ್ಮು ತುಸು ತಗ್ಗಿ ನಿದ್ದೆ ಹತ್ತುತ್ತದೆ. ವರ್ಷ ದಾಟಿದವರ ಕೆಮ್ಮಿಗೆ ಇದನ್ನು ಬ್ರಿಟನ್ನಿನ ‘ನೈಸ್’ ಸಂಸ್ಥೆಯ 2019ರ ಮಾರ್ಗಸೂಚಿಯೂ ಹೇಳಿದೆ. ಸಕ್ಕರೆ ಕಾಯಿಲೆಯವರು ಜೇನನ್ನೂ ಸಕ್ಕರೆಯ ಲೆಕ್ಕಕ್ಕೇ ಹಿಡಿಯಬೇಕು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಗಾಯಕ್ಕೆ ಅಡುಗೆಮನೆಯ ಸೀಸೆ ಮುಟ್ಟಬೇಡಿ. ಜೇನು ಸೂಕ್ಷ್ಮಜೀವಿಗಳ ನೀರನ್ನು ಹೀರುತ್ತದೆ, ಅದರ ಆಮ್ಲತೆ ಅವನ್ನು ಬೆಳೆಯಗೊಡದು, ಅದರಲ್ಲಿರುವ ಕಿಣ್ವ ಹೈಡ್ರೋಜನ್ ಪೆರಾಕ್ಸೈಡನ್ನು ಹೊರಡಿಸುತ್ತದೆ. ಆದರೆ ಕಾಯಿಸಿದರೆ ಕಿಣ್ವ ಕೆಡುತ್ತದೆ, ಕಾಯಿಸದಿದ್ದರೆ ಬೀಜಕಣ ಉಳಿಯುತ್ತದೆ. ಆದ್ದರಿಂದಲೇ ವೈದ್ಯಕೀಯ ಜೇನನ್ನು ಗಾಮಾ ಕಿರಣ ಹಾಯಿಸಿ ಶುದ್ಧಿ ಮಾಡುತ್ತಾರೆ. ಮೇಲ್ಮೈಯ ಸುಟ್ಟಗಾಯ ಕೆಲವು ಸಾಮಾನ್ಯ ಪಟ್ಟಿಗಳಿಗಿಂತ ಇದರಲ್ಲಿ ಬೇಗ ಮಾಗುತ್ತದೆ ಎಂದು ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಹೇಳುತ್ತದೆ. ಉಳಿದ ಬಹುತೇಕ ಗಾಯಗಳ ಬಗ್ಗೆ ಅಷ್ಟು ಗಟ್ಟಿ ಪುರಾವೆಯಿಲ್ಲ.

ಕೈ ಸುಟ್ಟರೆ ಮೊದಲು 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ. ವೈದ್ಯರು ಒಪ್ಪಿದರೆ ವೈದ್ಯಕೀಯ ಜೇನನ್ನು ಚರ್ಮಕ್ಕಲ್ಲ, ಶುದ್ಧ ಗಾಜ್ ಬಟ್ಟೆಗೆ ಸವರಿ ಗಾಯದ ಮೇಲಿಟ್ಟು, ಒಣ ಹತ್ತಿಪಟ್ಟಿ ಸುತ್ತಿ. ರಸ ಸುರಿಯುವುದು ಹೆಚ್ಚಬಹುದು. ಪಟ್ಟಿ ತೊಯ್ದಾಗ ಬದಲಿಸಿ. ಜೇನು ಒಗ್ಗದವರು ಹಚ್ಚಲೇಬಾರದು. ಸಕ್ಕರೆ ಕಾಯಿಲೆಯವರ ಕಾಲುಹುಣ್ಣು, ಕೀವುಗಟ್ಟಿದ ಗಾಯಕ್ಕೆ ಮನೆಯಲ್ಲಿ ಕೈಹಾಕಬೇಡಿ. ನಾಯಿ ಕಚ್ಚಿದ್ದರೂ ಜೇನು ಬೇಡ; ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ.