ಕಟ್ಟಡಕ್ಕೂ ಒಂದು ಇಂಗಾಲದ ಲೆಕ್ಕ

ನಗರದ ಹೊಗೆ ಅಂದ ಕೂಡಲೇ ನಮಗೆ ನೆನಪಾಗೋದು ಬಸ್ಸು, ಲಾರಿ, ಟ್ರಾಫಿಕ್. ಆದರೆ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಹಸಿರುಮನೆ ಅನಿಲಗಳ ಸುಮಾರು ಮೂರನೇ ಎರಡು ಭಾಗ ಬರೋದು ಕಟ್ಟಡಗಳಿಂದ. ಅಲ್ಲಿ ಚಳಿ ಜಾಸ್ತಿ. ಎಷ್ಟೋ ಕಟ್ಟಡಗಳಲ್ಲಿ ಕೆಳಗೆ ಬಾಯ್ಲರ್ ಇಟ್ಟು, ಗ್ಯಾಸ್ ಅಥವಾ ಎಣ್ಣೆ ಉರಿಸಿ, ಹಬೆಯನ್ನೋ ಬಿಸಿನೀರನ್ನೋ ಕೋಣೆ ಕೋಣೆಗೂ ಕಳಿಸ್ತಾರೆ.

ಇದಕ್ಕೆ ಕಡಿವಾಣ ಹಾಕೋಕೆ ಆ ನಗರ 2019ರಲ್ಲಿ 'ಲೋಕಲ್ ಲಾ 97' ಅನ್ನೋ ಕಾನೂನು ತಂದಿತು. 25,000 ಚದರ ಅಡಿಗಿಂತ ದೊಡ್ಡದಾದ ಬಹುತೇಕ ಕಟ್ಟಡಗಳಿಗೆ 2024ರಿಂದ ವಾರ್ಷಿಕ ಮಿತಿ ಇದೆ. ಮೀರಿದರೆ ಪ್ರತಿ ಟನ್‌ಗೆ 268 ಡಾಲರ್ ದಂಡ.

ಒಂದು ಲೆಕ್ಕ ಮಾಡಿ ನೋಡೋಣ. 1 ಲಕ್ಷ ಚದರ ಅಡಿಯ ಒಂದು ಅಪಾರ್ಟ್‌ಮೆಂಟ್ ಇದೆ, ಬಾಯ್ಲರ್‌ನಿಂದ ವರ್ಷಕ್ಕೆ 800 ಟನ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ ಅಂತ ಇಟ್ಕೊಳ್ಳೋಣ. ಈಗಿನ ಮಿತಿ ಚದರ ಅಡಿಗೆ 6.75 ಕೆ.ಜಿ., ಅಂದರೆ 675 ಟನ್. ಹೆಚ್ಚಾದದ್ದು 125 ಟನ್. ದಂಡ 33,500 ಡಾಲರ್. 2030ರಿಂದ ಮಿತಿ ಸುಮಾರು 335 ಟನ್‌ಗೆ ಇಳಿಯುತ್ತೆ. ಏನೂ ಬದಲಾಯಿಸದೆ ಕೂತರೆ ದಂಡ ವರ್ಷಕ್ಕೆ 1.24 ಲಕ್ಷ ಡಾಲರ್ ದಾಟುತ್ತೆ.

ಹಾಗಾದ್ರೆ ಬಾಯ್ಲರ್ ಕಿತ್ತು ಕರೆಂಟ್ ಹೀಟರ್ ಹಾಕಿದ್ರೆ ಆಯ್ತಲ್ಲ? ಆಗಲ್ಲ. 80% ದಕ್ಷತೆಯ ಗ್ಯಾಸ್ ಬಾಯ್ಲರ್ 1 ಯೂನಿಟ್ ಶಾಖ ಕೊಡೋಕೆ ಸುಮಾರು 0.23 ಕೆ.ಜಿ. ಬಿಡುತ್ತೆ. ಆ ಕಾನೂನು 2029ರವರೆಗೆ 1 ಯೂನಿಟ್ ಕರೆಂಟಿಗೆ ಹಿಡಿಯೋದು ಸುಮಾರು 0.29 ಕೆ.ಜಿ. ಅಂದರೆ ಸಾದಾ ಹೀಟರ್ ಹಾಕಿದ್ರೆ ಲೆಕ್ಕ ಹೆಚ್ಚೇ ಆಗುತ್ತೆ! ಹೀಟ್ ಪಂಪ್ ಹಾಗಲ್ಲ. ಅದು ಶಾಖವನ್ನು ಹುಟ್ಟಿಸೋದಿಲ್ಲ. ಫ್ರಿಜ್ಜಿನ ತತ್ವದಲ್ಲೇ ಹೊರಗಿನ ಗಾಳಿಯ ಶಾಖವನ್ನು ಒಳಗೆ ಸಾಗಿಸುತ್ತೆ. 1 ಯೂನಿಟ್ ಕರೆಂಟಿಗೆ 3 ಯೂನಿಟ್ ಶಾಖ ಬಂದರೆ, ಯೂನಿಟ್ ಶಾಖಕ್ಕೆ ಬೀಳೋದು ಸುಮಾರು 0.1 ಕೆ.ಜಿ. ಅಷ್ಟೇ.

ಆದರೆ ಯಂತ್ರ ಬದಲಿಸೋದಕ್ಕೂ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ: ಸೋರಿಕೆ ನಿಲ್ಲಿಸೋದು. 1931ರ ಎಂಪೈರ್ ಸ್ಟೇಟ್ ಕಟ್ಟಡದಲ್ಲಿ 2009ರಿಂದ ನಡೆದ ನವೀಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಸುಮಾರು 6,500 ಕಿಟಕಿಗಳ ಗಾಜನ್ನು ಎಸೆಯಲಿಲ್ಲ. ಅದೇ ಕಟ್ಟಡದೊಳಗೆ ಬಿಚ್ಚಿ, ನಡುವೆ ತೆಳು ಫಿಲ್ಮ್ ಮತ್ತು ಅನಿಲ ತುಂಬಿ ಮತ್ತೆ ಕೂರಿಸಿದರು. ರೇಡಿಯೇಟರ್‌ಗಳ ಹಿಂದೆ ಶಾಖ ಪ್ರತಿಫಲಿಸೋ ಹಾಳೆ ಹಾಕಿದರು. ಬೇಡಿಕೆಯೇ ಇಳಿದದ್ದರಿಂದ ಹೊಸ ದೊಡ್ಡ ಚಿಲ್ಲರ್‌ಗಳು ಬೇಕಾಗಲಿಲ್ಲ. ಹಳೆಯವನ್ನೇ ಸುಧಾರಿಸಿದರೆ ಸಾಕಾಯ್ತು. ಎಲ್ಲ ಸೇರಿ ಶಕ್ತಿಯ ಬಳಕೆ ಸುಮಾರು 38% ಇಳಿಯಿತು.

ಎಲ್ಲ ಮಾಲೀಕರ ಹತ್ತಿರವೂ ಅಷ್ಟು ದುಡ್ಡು ಇರಲ್ಲ, ಖರ್ಚು ಕೊನೆಗೆ ಬಾಡಿಗೆದಾರರ ತಲೆ ಮೇಲೆ ಬರೋ ಭಯವೂ ಇದೆ. ಅದಕ್ಕೇ ಕಡಿಮೆ ಬಾಡಿಗೆಯ ಹಲವು ಕಟ್ಟಡಗಳಿಗೆ ಕಾನೂನಿನಲ್ಲಿ ಇನ್ನೊಂದು ದಾರಿ ಇಟ್ಟಿದ್ದಾರೆ: ಪೈಪ್‌ಗಳಿಗೆ ಇನ್ಸುಲೇಷನ್ ಸುತ್ತೋದು, ಸ್ಟೀಮ್ ಟ್ರ್ಯಾಪ್ ರಿಪೇರಿ ಮಾಡೋದು, ಇಂಥ ನಿಗದಿತ ಕೆಲಸಗಳನ್ನು ಮುಗಿಸಿದರೂ ಸಾಕು.

ನಮಗೆ ಬಾಯ್ಲರ್ ಇಲ್ಲ, ಗೀಸರ್ ಇದೆ. ಭಾರತದ ಗ್ರಿಡ್‌ನಲ್ಲಿ 1 ಯೂನಿಟ್ ಕರೆಂಟಿಗೆ ಸುಮಾರು 0.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ನಿಮ್ಮ ಹಾಸ್ಟೆಲ್ಲಿನ ಕರೆಂಟ್ ಬಿಲ್ ತಗೊಳ್ಳಿ, ಯೂನಿಟ್‌ಗಳನ್ನು 0.7ರಿಂದ ಗುಣಿಸಿ, ಕಟ್ಟಡದ ಚದರ ಅಡಿಯಿಂದ ಭಾಗಿಸಿ. ನಮ್ಮ ಬ್ಲಾಕ್‌ಗಳ ಉತ್ತರ ಪಕ್ಕಪಕ್ಕ ಇಟ್ಟು ನೋಡಿದ್ರೆ, ರಿಪೇರಿ ಯಾವ ಬ್ಲಾಕ್‌ನಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತೆ.