ಮಗುವಿನ ಗೊರಕೆಗೆ ಕಿವಿಗೊಡಿ

ಪುಟ್ಟ ಮಗು ಗೊರಕೆ ಹೊಡೆದರೆ 'ಥೇಟ್ ಅಜ್ಜನ ಹಾಗೆ' ಎಂದು ಮನೆಮಂದಿಯೆಲ್ಲ ನಗುವುದುಂಟು. ಗೊರಕೆಯೆಂದರೆ ಗಾಢ ನಿದ್ದೆ ಎಂಬ ನಂಬಿಕೆಯೂ ನಮ್ಮಲ್ಲಿದೆ. ನೆಗಡಿಯಾದಾಗ ನಾಲ್ಕು ದಿನ ಗೊರಕೆ ಬಂದರೆ ಚಿಂತೆಯಿಲ್ಲ. ಆದರೆ ನೆಗಡಿ ಇಲ್ಲದಾಗಲೂ ವಾರಕ್ಕೆ 3 ಅಥವಾ ಹೆಚ್ಚು ರಾತ್ರಿ ಗೊರಕೆ ಕೇಳಿಸುತ್ತಿದ್ದರೆ ಅಲಕ್ಷಿಸಬೇಡಿ. ಅದು 'ಸ್ಲೀಪ್ ಆಪ್ನಿಯಾ', ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು.

ಕಾರಣವೇನು?

ಗಂಟಲಿನ ಎರಡು ಪಕ್ಕದಲ್ಲಿ ಟಾನ್ಸಿಲ್‌ಗಳೂ ಮೂಗಿನ ಹಿಂಭಾಗದಲ್ಲಿ ಅಡಿನಾಯ್ಡ್ ಕೂಡ ಇವೆ. 2ರಿಂದ 8 ವರ್ಷದ ಮಕ್ಕಳಲ್ಲಿ ಉಸಿರಿನ ದಾರಿಗೆ ಹೋಲಿಸಿದರೆ ಇವು ದೊಡ್ಡವು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾದಾಗ ದಾರಿ ಮುಚ್ಚಿಕೊಳ್ಳಬಹುದು. ಆಗ ಎದೆ ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗದು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಕ್ಷಣಕಾಲ ಎಚ್ಚೆತ್ತು ಉಸಿರನ್ನು ಮರಳಿಸುತ್ತದೆ. ರಾತ್ರಿಯಲ್ಲಿ ಇದು ಹಲವು ಬಾರಿ ಮರುಕಳಿಸುತ್ತದೆ. ಸ್ಥೂಲಕಾಯದ ಮಕ್ಕಳಲ್ಲಿ, ಡೌನ್ ಸಿಂಡ್ರೋಮ್ ಇರುವವರಲ್ಲಿ ಈ ಸಂಭವ ಹೆಚ್ಚು.

ಗುರುತಿಸುವುದು ಹೇಗೆ?

ರಾತ್ರಿ: ಗೊರಕೆ ನಡುವೆ ಸದ್ದಡಗಿ, ಬಳಿಕ ಏದುಸಿರಿನೊಂದಿಗೆ ಮತ್ತೆ ಆರಂಭವಾಗುವುದು; ಬಾಯಿ ತೆರೆದು, ಕತ್ತನ್ನು ಹಿಂದಕ್ಕೆ ಚಾಚಿ ಮಲಗುವುದು; ಹೊರಳಾಟ, ವಿಪರೀತ ಬೆವರು; ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು.

ಹಗಲು: ಎದ್ದೊಡನೆ ತಲೆನೋವು, ಸಿಡುಕು, ತೂಕ ಏರದಿರುವುದು. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ಮಕ್ಕಳು ಅನೇಕ ವೇಳೆ ಚಂಚಲರಾಗುತ್ತಾರೆ. 'ಪಾಠದಲ್ಲಿ ಗಮನವಿಲ್ಲ, ಕೂತಲ್ಲಿ ಕೂರುವುದಿಲ್ಲ' ಎಂದು ಶಾಲೆಯಿಂದ ದೂರು ಬಂದರೆ ಮಗುವನ್ನು ದಂಡಿಸುವ ಮೊದಲು ಒಂದು ರಾತ್ರಿ ಅದರ ಪಕ್ಕ ಕುಳಿತು ನೋಡಿ. ಬೆಳಗಿನ ಜಾವ ತೊಂದರೆ ಹೆಚ್ಚು. ಎದೆ ಕಾಣುವಂತೆ ಎರಡು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ.

ಪರೀಕ್ಷೆ, ಚಿಕಿತ್ಸೆ

ಟಾನ್ಸಿಲ್‌ನ ಗಾತ್ರ ನೋಡಿದ ಮಾತ್ರಕ್ಕೆ ರೋಗದ ತೀವ್ರತೆ ತಿಳಿಯದು. ರಾತ್ರಿಯಿಡೀ ಉಸಿರು, ಆಮ್ಲಜನಕ, ಮೆದುಳಿನ ಅಲೆಗಳನ್ನು ದಾಖಲಿಸುವ ನಿದ್ರಾ ಪರೀಕ್ಷೆ ಖಚಿತ ಉತ್ತರ ಕೊಡುತ್ತದೆ. ಮಕ್ಕಳಲ್ಲಿ ಗಂಟೆಗೆ ಒಂದಕ್ಕಿಂತ ಹೆಚ್ಚು ಬಾರಿ ಉಸಿರು ಕಟ್ಟಿದರೂ ಅದು ಸಹಜವಲ್ಲ.

ಟಾನ್ಸಿಲ್, ಅಡಿನಾಯ್ಡ್ ತೆಗೆಯುವ ಶಸ್ತ್ರಕ್ರಿಯೆ ಮುಖ್ಯ ಚಿಕಿತ್ಸೆ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 5ರಿಂದ 9 ವರ್ಷದ 464 ಮಕ್ಕಳಿದ್ದರು. 7 ತಿಂಗಳ ಬಳಿಕ ಶಸ್ತ್ರಕ್ರಿಯೆಯಾದವರಲ್ಲಿ ಶೇ. 79, ಕಾದು ನೋಡಿದವರಲ್ಲಿ ಶೇ. 46 ಮಕ್ಕಳ ನಿದ್ರಾ ಪರೀಕ್ಷೆ ಸಹಜ ಸ್ಥಿತಿಗೆ ಬಂದಿತ್ತು. ಆದ್ದರಿಂದ ತೊಂದರೆ ಸೌಮ್ಯವಾಗಿದ್ದರೆ ವೈದ್ಯರ ನಿಗಾದಲ್ಲಿ ಕಾಯಬಹುದು. ಮೂಗಿನ ಸ್ಪ್ರೇ ಕೆಲವರಿಗೆ ಸಾಕಾಗುತ್ತದೆ. ಸ್ಥೂಲಕಾಯವಿದ್ದರೆ ತೂಕ ಇಳಿಸಬೇಕು. ಶಸ್ತ್ರಕ್ರಿಯೆಯ ನಂತರವೂ ಗೊರಕೆ ಮುಂದುವರಿದರೆ ಮತ್ತೆ ತೋರಿಸಿ.

ನಿದ್ದೆ ಬರಿಸುವ ಸಿರಪ್‌ಗಳನ್ನು ನೀವಾಗಿಯೇ ಕೊಡಬೇಡಿ. ಅವು ಉಸಿರಾಟವನ್ನು ಇನ್ನಷ್ಟು ಕುಗ್ಗಿಸಬಹುದು. ತುಟಿ ನೀಲಿಗಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.